ಅಗ್ಗದ ಊಟ, ಕೈಕೂಲಿ ಹೊರತು

ನಮ್ಮ ದೇಶದಲ್ಲಿ ರಾತ್ರಿಯೂಟದ ಸಮಸ್ಯೆ ಬಗೆಹರಿದು ಎಷ್ಟೋ ಕಾಲವಾಯಿತು. ಇನ್ನೂ ಒಲೆ ಮುಂದೆ ನಿಂತಿರುವವರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಮೊಬೈಲು ತೆರೆದರೆ ಸಾಕು: ನೂರು ರೂಪಾಯಿಯೊಳಗೆ ನಾಲ್ಕು ಜನಕ್ಕೆ ಊಟ, ಹದಿನೈದು ನಿಮಿಷದಲ್ಲಿ ಸಿದ್ಧ, ಒಂದೇ ಕುಕ್ಕರು, ಮಕ್ಕಳು ತಟ್ಟೆ ನೆಕ್ಕುತ್ತಾರೆ, ಅತ್ತೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ. ಹೇಳುವವರ ಹಣೆಯಲ್ಲಿ ಬೆವರಿಲ್ಲ, ಸೆರಗಿಗೆ ಅರಿಶಿನದ ಕಲೆಯಿಲ್ಲ, ಹಿಂದಿನ ಸಿಂಕಿನಲ್ಲಿ ಒಂದು ಲೋಟವೂ ಬಿದ್ದಿಲ್ಲ. ಹೆಚ್ಚಿದ ಈರುಳ್ಳಿ ಒಂದು ಗಾಜಿನ ಬಟ್ಟಲಲ್ಲಿ, ತುರಿದ ಕಾಯಿ ಇನ್ನೊಂದರಲ್ಲಿ, ಬೆಂದ ಕಡಲೆಕಾಳು ಮೂರನೆಯದರಲ್ಲಿ ಆಗಲೇ ಬಂದು ಕೂತಿರುತ್ತವೆ. ಹಿಂದಿನ ರಾತ್ರಿ ಕಾಳು ನೆನೆಹಾಕಿದ್ದು ಯಾರು, ಕಾಯಿ ಒಡೆದು ತುರಿದದ್ದು ಯಾರು, ಈರುಳ್ಳಿಗೆ ಅತ್ತದ್ದು ಯಾರು ಎಂದು ಕೇಳಬಾರದು. ಗಡಿಯಾರ ಓಡಲು ಶುರುವಾಗುವುದು ಬಟ್ಟಲುಗಳು ತುಂಬಿದ ಮೇಲೆ. ಈ ಲೆಕ್ಕದಲ್ಲಿ ಬೆಂಗಳೂರಿನಿಂದ ಮೈಸೂರು ಅರ್ಧ ಗಂಟೆಯ ಹಾದಿ. ಶ್ರೀರಂಗಪಟ್ಟಣ ದಾಟಿದ ಮೇಲೆ ಗಡಿಯಾರ ಒತ್ತಬೇಕು, ಅಷ್ಟೆ.

ದುಡ್ಡಿನ ಲೆಕ್ಕವೂ ಇದೇ ಜಾತಿಯದು. ಎಣ್ಣೆ, ಸಾಸಿವೆ, ಇಂಗು, ತುಪ್ಪ, ಮಸಾಲೆಪುಡಿ ಇವೆಲ್ಲ ‘ಮನೆಯಲ್ಲೇ ಇರೋ ಸಾಮಾನು’, ಆದ್ದರಿಂದ ಪುಕ್ಕಟೆ. ಅಂಗಡಿಯಿಂದ ಮನೆಗೆ ಅವು ತಾವಾಗಿಯೇ ನಡೆದು ಬಂದಿರಬೇಕು. ಈ ಸೂತ್ರವನ್ನು ಒಂದು ಹೆಜ್ಜೆ ಮುಂದೆ ಎಳೆದರೆ ಮನೆಯಲ್ಲೇ ಇರುವ ಹೆಂಡತಿಯೂ ಪುಕ್ಕಟೆ. ಯಾರೂ ಬಾಯಿಬಿಟ್ಟು ಹೇಳಿಲ್ಲ. ಸೂತ್ರ ಮಾತ್ರ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಈ ವಿದ್ಯೆಗೊಂದು ತೀರ್ಥಕ್ಷೇತ್ರ ಬೇಕೆಂದರೆ ನಾನು ದಕ್ಷಿಣೇಶ್ವರದ ಹೆಸರು ಸೂಚಿಸುತ್ತೇನೆ. ಹೋಗುವುದು ಈಗ ಬಹಳ ಸಲೀಸು. 2018ರಿಂದ ಆಕಾಶದಾರಿಯೊಂದು ಭಕ್ತರನ್ನು ರಸ್ತೆಯ ಗದ್ದಲದ ಮೇಲೆಯೇ ಸಾಗಿಸಿ ದೇವಸ್ಥಾನದ ಬಾಗಿಲಿಗೆ ಇಳಿಸುತ್ತದೆ. 2021ರ ಫೆಬ್ರವರಿಯಿಂದ ಕೋಲ್ಕತ್ತದ ಮೆಟ್ರೊ ಅಲ್ಲಿಯವರೆಗೂ ಬರುತ್ತದೆ. ನಮ್ಮ ಕಡೆಯ ಪ್ರವಾಸಿಗಳಿಗೆ ಅಲ್ಲಿನ ಕಾರ್ಯಕ್ರಮ ಬಾಯಿಪಾಠ. ಭವತಾರಿಣಿಯ ದರ್ಶನ, ಸಾಲಾಗಿ ನಿಂತ ಹನ್ನೆರಡು ಶಿವಾಲಯಗಳಿಗೆ ಒಂದು ಸುತ್ತು, ಪರಮಹಂಸರ ಕೋಣೆಯಲ್ಲಿ ಎರಡು ನಿಮಿಷ ಕಣ್ಣುಮುಚ್ಚಿ ಕೂರುವುದು, ಪಂಚವಟಿ, ಹೊರಗೆ ಬಂದು ಇಂಗು ಹಾಕಿದ ಕಚೋರಿ, ಆಮೇಲೆ ದೋಣಿ ಹತ್ತಿ ಬೇಲೂರು ಮಠ. ರಾಮಕೃಷ್ಣ, ಶಾರದಾದೇವಿ, ವಿವೇಕಾನಂದರ ಮೂರು ಪಟ ಸಾಲಾಗಿ ತೂಗುಹಾಕಿದ ಮನೆಗಳು ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟಿವೆ; ಕುವೆಂಪು ಪರಮಹಂಸರ ಜೀವನಚರಿತ್ರೆ ಬರೆದ ಮೇಲೆ ದಕ್ಷಿಣೇಶ್ವರ ನಮಗೆ ಪಕ್ಕದ ತಾಲ್ಲೂಕೇ ಆಗಿಹೋಯಿತು. ಆದರೂ ಅಂಗಳದ ಅಂಚಿನಲ್ಲಿರುವ ಎಂಟು ಮೂಲೆಯ ಪುಟ್ಟ ನಹಬತ್‌ಖಾನೆಯ ಮುಂದೆ ನಿಲ್ಲುವವರ ಕಾಲು ಬಹುಬೇಗ ಕಚೋರಿಯ ಕಡೆಗೆ ತಿರುಗುತ್ತದೆ. ಒಳಗೆ ನೋಡಲು ಏನಿದೆ? ಒಂದು ಕಾಲದ ಅಡುಗೆಮನೆ. ಅಡುಗೆಮನೆಯನ್ನು ಯಾರು ತಾನೆ ಟಿಕೆಟ್ಟು ತೆಗೆದುಕೊಂಡು ನೋಡಲು ಹೋಗುತ್ತಾರೆ.

ಆ ಅಡುಗೆಮನೆಗೆ ಹೋಗುವ ಮುನ್ನ ದೇವಸ್ಥಾನದ ಕತೆ ಸ್ವಲ್ಪ. ಈ ಗುಡಿ ಶುರುವಾದದ್ದೇ ಯಾರು ಬೇಯಿಸಿದ ಅನ್ನ ಎಂಬ ಜಗಳದಿಂದ. ಕಲ್ಕತ್ತೆಯ ಜಾನ್‌ಬಜಾರಿನ ರಾಣಿ ರಾಸಮಣಿ ಲಕ್ಷಗಟ್ಟಲೆ ಸುರಿದು, ಗಂಗೆಯ ದಡದಲ್ಲಿ ಒಂಬತ್ತು ಶಿಖರದ ಗುಡಿ ಎಬ್ಬಿಸಿದಳು. ಹೆಸರಿಗೆ ರಾಣಿ, ಜಾತಿಗೆ ಶೂದ್ರಳು. ಅವಳ ದುಡ್ಡಿನ ಬಗ್ಗೆ ಪಂಡಿತರಿಗೆ ತಕರಾರಿರಲಿಲ್ಲ, ಅವಳ ಇಟ್ಟಿಗೆಯ ಬಗ್ಗೆಯೂ ಇರಲಿಲ್ಲ. ಬೆಂದ ಅನ್ನದ ನೈವೇದ್ಯ ಮಾತ್ರ ಕೂಡದು ಎಂದರು. ರಾಣಿ ಊರೂರಿನ ಪಂಡಿತರನ್ನು ಕೇಳಿಸಿದಳು. ಎಲ್ಲ ಕಡೆಯಿಂದಲೂ ಅದೇ ಉತ್ತರ. ಕಡೆಗೆ ರಾಮಕುಮಾರ ಚಟ್ಟೋಪಾಧ್ಯಾಯರೆಂಬ ಪಂಡಿತರು ಒಂದು ಸಂದು ತೋರಿಸಿಕೊಟ್ಟರು: ಗುಡಿಯನ್ನು ಬ್ರಾಹ್ಮಣನೊಬ್ಬನಿಗೆ ದಾನ ಬರೆದುಬಿಡಿ, ಆಮೇಲೆ ಅನ್ನ ಬೇಯಬಹುದು. ಕಾಗದ ಕೈ ಬದಲಾಯಿಸಿತು, ಅಕ್ಕಿ ಮಡಿಯಾಯಿತು. 1855ರ ಮೇ 31ರಂದು ಪ್ರತಿಷ್ಠೆಯೂ ಆಯಿತು.

ಅಂದು ಅಲ್ಲಿ ನಡೆದ ಸಂತರ್ಪಣೆಯ ವೈಭವವನ್ನು ಬಂಗಾಳಿಗಳು ಇವತ್ತಿಗೂ ವರ್ಣಿಸುತ್ತಾರೆ. ನನಗೆ ಹೆಚ್ಚು ಇಷ್ಟವಾಗುವುದು ಆ ದಿನ ಊಟಕ್ಕೆ ಕೂರದೆ ಉಳಿದ ಹುಡುಗ. ರಾಮಕುಮಾರರ ತಮ್ಮ, ಮುಂದೆ ರಾಮಕೃಷ್ಣ ಪರಮಹಂಸರಾದ ಹತ್ತೊಂಬತ್ತರ ಗದಾಧರ. ಶೂದ್ರಳ ಗುಡಿಯ ಅನ್ನ ತನಗೆ ಬೇಡವೆಂದು ಪೇಟೆಯಲ್ಲಿ ಒಂದು ಪೈಸೆಯ ಮಂಡಕ್ಕಿ ಕೊಂಡು ತಿಂದು, ಸಂಜೆ ಕಲ್ಕತ್ತೆಯ ಝಾಮಾಪುಕುರಕ್ಕೆ ನಡೆದುಹೋದ. ಕ್ಷೇತ್ರದ ಇತಿಹಾಸದಲ್ಲಿ ದಾಖಲಾದ ಮೊದಲ ಅಗ್ಗದ ರಾತ್ರಿಯೂಟ ಇದೇ ಇರಬೇಕು: ಖರ್ಚು ಒಂದು ಪೈಸೆ, ತಗುಲಿದ ಸಮಯ ಸೊನ್ನೆ, ಪಾತ್ರೆ ಸೊನ್ನೆ. ಮುಂದೆ ಅಣ್ಣನ ಜೊತೆ ಅಲ್ಲೇ ಉಳಿಯಬೇಕಾಗಿ ಬಂದಾಗ ಹುಡುಗ ಹಸಿ ದಿನಸಿ ಈಸಿಕೊಂಡು, ಗಂಗೆಯ ನೀರು ತಂದು, ದಡದಲ್ಲಿ ಕೂತು ತನ್ನ ಅನ್ನ ತಾನೇ ಬೇಯಿಸಿಕೊಂಡ. ಜಾತಿಪದ್ಧತಿಯಿಂದ ಈ ದೇಶಕ್ಕೆ ಏನೂ ಒಳಿತಾಗಿಲ್ಲ ಎನ್ನುವವರು ಇದೊಂದನ್ನು ಗಮನಿಸಬೇಕು. ಅದರ ದೆಸೆಯಿಂದಲಾದರೂ ಗಂಡಸೊಬ್ಬ ಕೆಲವು ಕಾಲ ಸೌದೆ ಊದಿದ. ಮಡಿಯ ಹಟ ಕರಗಿ ಗುಡಿಯ ಪ್ರಸಾದ ಒಗ್ಗಿದ ಮೇಲೆ ಆ ಒಲೆ ಆರಿತು. ಪರಮಹಂಸರ ಹೊಟ್ಟೆಗೆ ಸಂಬಂಧಿಸಿದ ಮುಂದಿನ ಒಲೆ ಹೊತ್ತಿದ್ದು ಬೇರೆಯವರ ಕೈಯಲ್ಲಿ.

1872ರಲ್ಲಿ ಪರಮಹಂಸರ ಹೆಂಡತಿ ಶಾರದಾದೇವಿ ಹಳ್ಳಿಯಿಂದ ನಡೆದು ಬಂದರು. ಅಲ್ಲಿಂದ 1885ರವರೆಗೆ, ನಡುನಡುವೆ ಊರಿಗೆ ಹೋಗಿಬಂದದ್ದು ಬಿಟ್ಟರೆ, ಅವರ ವಾಸ ಬಹುಪಾಲು ನಹಬತ್‌ಖಾನೆಯ ಕೆಳಗಿನ ಕೋಣೆಯಲ್ಲಿ. ನಹಬತ್ತು ಎಂದರೆ ಓಲಗದವರು ಕೂತು ಬಾರಿಸಲು ಕಟ್ಟಿಸಿದ ಗೂಡು. ಮನುಷ್ಯರು ಸಂಸಾರ ಮಾಡಲಿಕ್ಕಲ್ಲ. ಒಳಗಿನ ನೆಲ 50 ಚದರ ಅಡಿಯೂ ಇಲ್ಲ. ಬೆಂಗಳೂರಿನ ಬಿಲ್ಡರ್ ಕೈಗೆ ಸಿಕ್ಕಿದ್ದರೆ ಅದನ್ನು ನದಿ ಕಾಣುವ ಸ್ಟುಡಿಯೊ ಎಂದು ಮಾರಿ ಮುಗಿಸುತ್ತಿದ್ದ. ಬಾಗಿಲು ಎಷ್ಟು ಗಿಡ್ಡವೆಂದರೆ ಹೊಸದರಲ್ಲಿ ತಲೆ ತಾಗದ ದಿನವಿರಲಿಲ್ಲ. ಮಲಗುವುದು ಅಲ್ಲೇ, ದಿನಸಿ ಅಲ್ಲೇ, ನೆಲುವಿನಲ್ಲಿ ತೂಗುವ ಮಡಕೆಗಳು ಅಲ್ಲೇ, ಪರಮಹಂಸರ ಸಾರಿಗೆಂದು ನೀರಿನ ಪಾತ್ರೆಯಲ್ಲಿ ಬಿಟ್ಟ ಜೀವಂತ ಮೀನು ರಾತ್ರಿಯೆಲ್ಲ ಪಟಪಟ ಬಡಿಯುವುದೂ ಅಲ್ಲೇ. ಭಕ್ತೆಯರು ಉಳಿದುಕೊಂಡ ರಾತ್ರಿ ಅವರಿಗೂ ಅಲ್ಲೇ ಜಾಗ. ಒಲೆ ಮೆಟ್ಟಿಲ ಕೆಳಗೆ. ಬೆಳಗಿನ ಮೂರಕ್ಕೆ, ಯಾರ ಕಣ್ಣಿಗೂ ಬೀಳುವ ಮೊದಲು ಗಂಗೆಯಲ್ಲಿ ಮಿಂದುಬಂದರೆ ಆಮೇಲೆ ದಿನವಿಡೀ ಬಿದಿರ ತಟ್ಟಿಯ ಮರೆ. ಹಣ್ಣು, ಕಡಲೆ ಬಂದಾಗ ‘ಪಂಜರದಲ್ಲಿರುವ ಹಕ್ಕಿಗಳಿಗೂ ಒಂದಿಷ್ಟು ಕೊಡು’ ಎಂಬರ್ಥದಲ್ಲಿ ಪರಮಹಂಸರು ತಮಾಷೆಗೆ ಹೇಳುತ್ತಿದ್ದರಂತೆ; ಹಕ್ಕಿಗಳೆಂದರೆ ಶಾರದಾದೇವಿ ಮತ್ತು ಜೊತೆಗಿದ್ದ ಲಕ್ಷ್ಮಿ. ಹೊಸಬರು ನಿಜವಾಗಿಯೂ ಅಲ್ಲಿ ಗಿಳಿ ಸಾಕಿದ್ದಾರೆಂದೇ ನಂಬಿದ್ದುಂಟು.

ಈ ಗೂಡಿನಿಂದ ಹೊರಟ ರಾತ್ರಿಯೂಟ ಎಷ್ಟು? ಕೆಲವು ದಿನ ಮೂರು, ಮೂರೂವರೆ ಸೇರು ಹಿಟ್ಟಿನ ರೊಟ್ಟಿ. ಪರಮಹಂಸರ ಜಠರಕ್ಕೆ ಗುಡಿಯ ಪ್ರಸಾದ ಆಗಿಬರದು, ಆದ್ದರಿಂದ ಅವರಿಗೆ ಬೇರೆ ತಿಳಿಸಾರು. ರಾತ್ರಿ ಉಳಿಯುವ ಶಿಷ್ಯರಿಗೆ ರೊಟ್ಟಿ, ಬೇಳೆ. ಹೊತ್ತಲ್ಲದ ಹೊತ್ತಿನಲ್ಲಿ ಗಾಡಿಯಿಂದ ಇಳಿಯುವ ಕಲ್ಕತ್ತೆಯ ಭಕ್ತರಿಗೆ ಏನಾದರೊಂದು. ಹಿಟ್ಟು ನಾದಲು ಒಬ್ಬರನ್ನು ಕೊಡಬೇಕೆಂದು ಪರಮಹಂಸರಿಗೇ ಹೊಳೆಯಿತು. ಧ್ಯಾನಕ್ಕೆ ಕೂತಿದ್ದ ಲಾಟುವನ್ನು ಎಬ್ಬಿಸಿ, ನೀನು ಧ್ಯಾನಿಸುತ್ತಿರುವವಳಿಗೆ ಅಲ್ಲಿ ಹಿಟ್ಟು ನಾದಲು ಜನವಿಲ್ಲ ಎಂಬಂತೆ ಹೇಳಿ ಕಳಿಸಿದರಂತೆ. ಲಾಟು ಬಿಹಾರದ ಛಪ್ರಾ ಕಡೆಯವನು; ಭಕ್ತರೊಬ್ಬರ ಮನೆಯಲ್ಲಿ ಆಳಾಗಿ ದುಡಿದು ಬಂದವನು. ಮುಂದೆ ಅದ್ಭುತಾನಂದರೆಂಬ ದೊಡ್ಡ ಸಂತನಾದ, ಅದು ಬೇರೆ ಮಾತು. ನಾನು ಹೇಳುವುದಿಷ್ಟೆ: ಕಾಲೇಜಿನ ಹುಡುಗರು, ಜಮೀನ್ದಾರರ ಮಗ ಎಲ್ಲ ಅಲ್ಲೇ ಇದ್ದರೂ ಹಿಟ್ಟಿನ ಪರಾತಕ್ಕೆ ಕರೆ ಬಂದದ್ದು ಆಳಿನ ಕೆಲಸ ಗೊತ್ತಿದ್ದವನಿಗೆ. ಅಧ್ಯಾತ್ಮದಲ್ಲೂ ಅನುಭವ ಇದ್ದವರಿಗೇ ಆದ್ಯತೆ.

ಇನ್ನು ಬಜೆಟ್ಟು. ಸಾಧನೆ ಮಾಡುವವರು ರಾತ್ರಿ ಹೊಟ್ಟೆ ಬಿರಿಯ ತಿನ್ನಬಾರದೆಂದು ಪರಮಹಂಸರು ತಲೆಗಿಷ್ಟು ಎಂದು ರೊಟ್ಟಿ ಗೊತ್ತುಮಾಡಿದ್ದರು. ರಾಖಾಲನಿಗೆ ಆರು, ಲಾಟುವಿಗೆ ಐದು, ಹಿರಿಯ ಗೋಪಾಲ ಮತ್ತು ಬಾಬುರಾಮನಿಗೆ ನಾಲ್ಕು ನಾಲ್ಕು. ಇವತ್ತಿನ ಪಥ್ಯತಜ್ಞರು ಇದನ್ನು ಭಾಗನಿಯಂತ್ರಣ ಎಂದು ಕರೆದು ತಿಂಗಳಿಗೆ ಮೂರು ಸಾವಿರ ಕೀಳುತ್ತಾರೆ. ಒಂದು ರಾತ್ರಿ ವಿಚಾರಿಸಿದಾಗ ಬಾಬುರಾಮ ಐದೋ ಆರೋ ತಿಂದೆನೆಂದ. ಕೊಟ್ಟವರು ಯಾರು? ನಹಬತ್ತಿನ ತಾಯಿ. ಪರಮಹಂಸರು ಹೋಗಿ ಆಕ್ಷೇಪಿಸಿದರು, ಹುಡುಗರ ಭವಿಷ್ಯ ಹಾಳಾಗುತ್ತದೆಂದರು. ಎರಡು ರೊಟ್ಟಿ ಹೆಚ್ಚಿಗೆ ತಿಂದದ್ದಕ್ಕೆ ಇಷ್ಟು ಚಿಂತೆ ಯಾಕೆ, ಅವರ ಭವಿಷ್ಯ ನಾನು ನೋಡಿಕೊಳ್ಳುತ್ತೇನೆ ಎಂಬುದು ಮರೆಯಿಂದ ಬಂದ ಉತ್ತರ. ಪರಮಹಂಸರು ನಕ್ಕು ಹಿಂದಿರುಗಿದರು. ಬಾಬುರಾಮ ಪ್ರೇಮಾನಂದರಾದರು; ಬೇಲೂರು ಮಠದಲ್ಲಿ ಬಂದವರಿಗೆಲ್ಲ ಉಣಬಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲವೆಂದು ಪ್ರತೀತಿ. ಆ ಎರಡು ರೊಟ್ಟಿಗೆ ಬಂದ ಬಡ್ಡಿ ಕಡಿಮೆಯೇನಲ್ಲ.

ಆಮೇಲೆ ನರೇಂದ್ರ, ಮುಂದಿನ ವಿವೇಕಾನಂದ. ಇವತ್ತು ನರೇನ್ ಇಲ್ಲೇ ಇರುತ್ತಾನೆ, ಚೆನ್ನಾಗಿ ಅಡುಗೆ ಮಾಡು ಎಂದು ಪರಮಹಂಸರು ಹೇಳಿಕಳಿಸಿದರು. ಮೆಟ್ಟಿಲ ಕೆಳಗಿನ ಒಲೆಯಲ್ಲಿ ಹೆಸರುಬೇಳೆ ಬೆಂದಿತು, ರೊಟ್ಟಿ ಆಯಿತು. ಊಟ ಹೇಗಿತ್ತೆಂದು ಕೇಳಿದರೆ ಸಿಂಹದ ಮರಿ ಚೆನ್ನಾಗಿತ್ತೆಂದೇ ಅಂದ, ಸ್ವಲ್ಪ ರೋಗಿಯ ಪಥ್ಯದ ಹಾಗಿತ್ತು ಎಂದೂ ಸೇರಿಸಿದ. ತಕ್ಷಣ ನಹಬತ್ತಿಗೆ ತಿದ್ದುಪಡಿ ಆದೇಶ: ನರೇನನಿಗೆ ಗಟ್ಟಿ ಕಡಲೆಬೇಳೆ, ದಪ್ಪ ರೊಟ್ಟಿ. ಅಡುಗೆಗೆ ನಕ್ಷತ್ರ ಕೊಡುವ ಈಗಿನ ವಿಮರ್ಶಕರು ವಿವೇಕಾನಂದರನ್ನು ತಮ್ಮ ಕುಲಗುರುವೆಂದು ಸ್ವೀಕರಿಸಬಹುದು. ನಮ್ಮ ಮನೆಗಳಲ್ಲೂ ಈ ಪರಂಪರೆ ಅವ್ಯಾಹತ. ‘ಏನಾದ್ರೂ ಸಿಂಪಲ್ಲಾಗಿ ಮಾಡು, ನಂಗೇನೂ ಬೇಡ’ ಎನ್ನುತ್ತ ಗಂಡಸು ಸೋಫಾದ ಮೇಲೆ ಕಾಲು ಚಾಚುತ್ತಾನೆ. ಅನ್ನ ತಿಳಿಸಾರು ಸಾಕು. ಜೊತೆಗೊಂದು ಪಲ್ಯ ಇದ್ದರೆ ಆಯಿತು. ಹಪ್ಪಳ ಹೇಗೂ ಕರೆಯುತ್ತೀಯಲ್ಲ. ಮಜ್ಜಿಗೆಗೆ ಒಗ್ಗರಣೆ ಹಾಕಿದರೆ ಬೇಡ ಅನ್ನೋದಿಲ್ಲ. ಸರಳತೆ ಹೀಗೆ ಮೆಟ್ಟಿಲು ಹತ್ತಿ ಹತ್ತಿ ಒಂಬತ್ತೂವರೆಗೆ ಮಾಳಿಗೆ ಮುಟ್ಟುತ್ತದೆ. ನಿಜವಾಗಿಯೂ ಸರಳವಾದ ಉಪ್ಪಿಟ್ಟು ತಂದಿಟ್ಟರೆ ಮನೆಯಲ್ಲಿ ಸೂತಕದ ಮೌನ.

ನನಗೆ ದಕ್ಷಿಣೇಶ್ವರದ ಕತೆಗಳಲ್ಲೆಲ್ಲ ಬಹಳ ಹಿಡಿಸಿದ್ದು ಇನ್ನೊಂದು. ಪರಮಹಂಸರು ಒಮ್ಮೆ ಶಾರದಾದೇವಿಯನ್ನು ಕೇಳಿದರು: ನಿನ್ನ ಕೈಖರ್ಚಿಗೆ ತಿಂಗಳಿಗೆ ಎಷ್ಟು ಬೇಕು? ಐದಾರು ರೂಪಾಯಿ ಆದರೆ ನಡೆಯುತ್ತದೆ ಎಂದರು ಆಕೆ. ರಾತ್ರಿ ಎಷ್ಟು ರೊಟ್ಟಿ ತಿನ್ನುತ್ತಿ ಎಂದು ಮುಂದಿನ ಪ್ರಶ್ನೆ. ತಾನು ತಿನ್ನುವ ರೊಟ್ಟಿಯ ಲೆಕ್ಕ ಬಾಯಲ್ಲಿ ಹೇಳುವುದೆಂದರೆ ಆ ಕಾಲದ ಹೆಣ್ಣಿಗೆ ನಾಚಿಕೆ. ಮುದುಡಿಕೊಂಡೇ ಐದಾರು ಎಂದರು. ಹಾಗಾದರೆ ಐದಾರು ರೂಪಾಯಿ ಸಾಕು ಎಂದು ತೀರ್ಮಾನವಾಯಿತು. ಅಷ್ಟು ಹುಟ್ಟುವ ಹಾಗೆ ಹಣ ಭಕ್ತ ಬಲರಾಮ ಬಸುವಿನ ಬಳಿ ಇಡಿಸಿದರು. ಆರು ತಿಂಗಳಿಗೊಮ್ಮೆ ಮೂವತ್ತು ರೂಪಾಯಿ ಬಡ್ಡಿ. ರೊಟ್ಟಿಗೊಂದು ರೂಪಾಯಿ. ಹಣಕಾಸು ಮಂತ್ರಾಲಯದ ಯಾವ ಕಡತದಲ್ಲೂ ಇಷ್ಟು ಚಿಕ್ಕ ಸೂತ್ರ ಸಿಗಲಾರದು.

ಭಕ್ತರು ಸಿಟ್ಟಾಗಬಾರದು. ಇದು ವೈರಿಗಳು ಹೊಸೆದ ಕತೆಯಲ್ಲ; ಶಾರದಾದೇವಿಯವರೇ ಮುಂದೆ ನೆನೆದು ಹೇಳಿದ್ದನ್ನು ಸಂನ್ಯಾಸಿಗಳೇ ಬರೆದಿಟ್ಟದ್ದು. ಪರಮಹಂಸರ ಪರವಾಗಿ ನಾನೂ ಒಂದು ಮಾತು ಸೇರಿಸುತ್ತೇನೆ. ಕಾಸು ಮುಟ್ಟಿದರೆ ಕೈ ಸೆಟೆದುಕೊಳ್ಳುತ್ತಿದ್ದ ಆ ಮನುಷ್ಯ ಹೆಂಡತಿಯ ತಿಂಗಳ ಖರ್ಚು ಕೇಳಿದರು. ರಾತ್ರಿ ಎಷ್ಟು ತಿನ್ನುತ್ತೀಯೆಂದೂ ಕೇಳಿದರು. ಕಾಸು ಕಂಡರೆ ಕೈ ಮುಂದೆ ಚಾಚುವ ನಾವು, ಮೂವತ್ತು ವರ್ಷ ಒಂದೇ ಮನೆಯಲ್ಲಿ ಉಂಡವರು, ನಮ್ಮ ಮನೆಯಾಕೆ ರಾತ್ರಿ ಎಷ್ಟು ಚಪಾತಿ ತಿನ್ನುತ್ತಾಳೆಂದು ಬಲ್ಲೆವೆ? ಅದು ಎಲ್ಲರೂ ಎದ್ದ ಮೇಲೆ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂಬುದರ ಮೇಲೆ ಹೋಗುತ್ತದೆ.

1886ರ ಆಗಸ್ಟಿನಲ್ಲಿ ಪರಮಹಂಸರು ತೀರಿಕೊಂಡರು. ದೇವಸ್ಥಾನದಿಂದ ಶಾರದಾದೇವಿಗೆ ಬರುತ್ತಿದ್ದ ತಿಂಗಳ ಏಳು ರೂಪಾಯಿ ಆಮೇಲೆ ನಿಂತುಹೋಯಿತು. ಹದಿಮೂರು ವರ್ಷದ ಆ ಅಡುಗೆಗೆ ನಿವೃತ್ತಿವೇತನದ ಕಲಮು ಇರಲಿಲ್ಲ. ಆಕೆ ಕಾಮಾರಪುಕುರದ ಮನೆಗೆ ಹೋಗಿ, ಹಿತ್ತಲು ಅಗೆದು ಸೊಪ್ಪು ಬೆಳೆದು, ಅನ್ನದ ಜೊತೆ ಬೇಯಿಸಿ ತಿಂದರು. ಕೆಲವು ದಿನ ಅದಕ್ಕೆ ಉಪ್ಪೂ ಇರಲಿಲ್ಲ. ಹಿಂದೆ ಇದೇ ಮನೆಯಲ್ಲಿ ಒಗ್ಗರಣೆಯ ಐದು ಕಾಳು ಮುಗಿದಾಗ, ಇಲ್ಲದಿದ್ದರೆ ಒಂದು ಪೈಸೆಯದು ತರಿಸಿ ಎಂದು ರುಚಿಗಾಗಿ ಪರಮಹಂಸರ ಒತ್ತಾಯವಾಗಿತ್ತು. ಕಲ್ಕತ್ತೆಯ ಭಕ್ತರಿಗೆ ಸುದ್ದಿ ಮುಟ್ಟಿ, ಚಂದಾ ಎತ್ತಿ ಅವರನ್ನು ಕರೆಸಿಕೊಂಡದ್ದು ಆಮೇಲಿನ ಮಾತು. ಅಗ್ಗದ ಊಟದಲ್ಲಿ ಸ್ಪರ್ಧೆ ಇಟ್ಟರೆ ಉಪ್ಪಿಲ್ಲದ ಆ ಸೊಪ್ಪನ್ನ ಮೀರಿಸುವ ರೀಲು ನನ್ನ ಕಣ್ಣಿಗೆ ಬಿದ್ದಿಲ್ಲ. ‘ಲೈಕ್ ಮಾಡಿ’ ಎಂದು ಹೇಳುವವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ.

ಈಗಿನ ದಕ್ಷಿಣೇಶ್ವರ, ಬರಾನಗರದ ಕಡೆಯ ಸಂಸಾರಗಳ ಲೆಕ್ಕಾಚಾರ ಶುರುವಾಗುವುದು ಬೆಳಗಿನ ಬಜಾರಿನಲ್ಲಿ, ಅದೂ ಗಂಡಸರಿಂದ. ಬಂಗಾಳಿ ಬಾಬು ಕೈಚೀಲ ಹಿಡಿದು ಹೊರಟು, ಮೀನಿನ ಕಿವಿರು ಎತ್ತಿ ನೋಡಿ, ಬೆರಳಿನಿಂದ ಒತ್ತಿ, ಮೀನುಗಾರ್ತಿಯ ಜೊತೆ ವೇದಾಂತದಷ್ಟು ವಾದ ಮಾಡಿ ಗೆದ್ದು ಮನೆಗೆ ಬಂದರೆ ಅವನ ಪಾಲಿನ ಅಡುಗೆ ಮುಗಿಯಿತು. ಅಲ್ಲಿ ಆಲೂಗಡ್ಡೆಗೂ ವರ್ಣಾಶ್ರಮವಿದೆ: ಜ್ಯೋತಿ ಎಂಬುದು ಅಗ್ಗ, ಚಂದ್ರಮುಖಿ ದುಬಾರಿ. ನೆಂಟರು ಬಂದ ದಿನ ಚಂದ್ರಮುಖಿ, ಉಳಿದ ದಿನ ಜ್ಯೋತಿ. ಅವರ ಪ್ರಾಣವಾದ ಗಸಗಸೆಯ ಕತೆ ಇನ್ನೂ ಮಜವಾದದ್ದು. ಕಂಪನಿ ಸರ್ಕಾರ ಅಫೀಮಿಗೆಂದು ಬೆಳೆಸಿದ ಗಿಡದ ಉಳಿಕೆ ಬೀಜವನ್ನು ರೈತರ ಹೆಂಡಿರು ಅರೆದು ಆಲೂಗಡ್ಡೆಗೆ ಹಚ್ಚಿ ಬಡವರ ಪಲ್ಯ ಮಾಡಿದರೆಂದು ಹೇಳುತ್ತಾರೆ. ಇವತ್ತು ಆ ಬಡವರ ಪಲ್ಯಕ್ಕೆ ಕಿಲೋಗೆ ಸಾವಿರದ ಮೇಲೆ ಎಣಿಸಬೇಕು. ಬಡವರು ಗೌರವದಿಂದ ದೂರ ಸರಿದಿದ್ದಾರೆ. ನಮ್ಮ ಸಿರಿಧಾನ್ಯಕ್ಕೆ ಬಂದ ಭಾಗ್ಯವೇ ಅಲ್ಲಿ ಗಸಗಸೆಗೆ ಬಂದಿದೆ. ನವಣೆ, ಸಜ್ಜೆ ಉಂಡವರನ್ನು ಹಳ್ಳಿಗುಗ್ಗು ಎನ್ನುತ್ತಿದ್ದವರು ಈಗ ಅದನ್ನೇ ಜರಿಪಟ್ಟಿಯ ಡಬ್ಬಿಯಲ್ಲಿ ಕೊಳ್ಳುತ್ತಾರೆ.

ಸಂಜೆಯಾದರೆ ಕೋಲ್ಕತ್ತದ ಗಲ್ಲಿಗಳ ತಿರುವಿನಲ್ಲಿ ರೊಟ್ಟಿಯ ಒಲೆಗಳು ಹೊತ್ತಿಕೊಳ್ಳುತ್ತವೆ. ಹೆಂಗಸೊಬ್ಬಳು ಲಟ್ಟಿಸುತ್ತಾಳೆ, ಇನ್ನೊಬ್ಬರು ಕೆಂಡದ ಮೇಲೆ ಉಬ್ಬಿಸುತ್ತಾರೆ. ಆಫೀಸಿನಿಂದ ಬರುವವರು ಹತ್ತೋ ಹದಿನೈದೋ ರೊಟ್ಟಿ ಕಾಗದದಲ್ಲಿ ಸುತ್ತಿಸಿಕೊಂಡು ಹೋಗುತ್ತಾರೆ. ಮನೆಯಲ್ಲಿ ಪಲ್ಯ ಮಾತ್ರ. ಹುಬ್ಬಳ್ಳಿ, ಕಲಬುರಗಿಯ ಕಡೆ ಜೋಳದ ರೊಟ್ಟಿಯೂ ಇದೇ ದಾರಿ ಹಿಡಿದಿದೆ. ಬಡಿಯುವ ಕೈ ಒಂದು ಮನೆಯದು, ತಿನ್ನುವ ಬಾಯಿ ಇನ್ನೊಂದು ಮನೆಯದು. ಇದನ್ನು ಕಂಡು ‘ನಮ್ಮ ಹೆಂಗಸರು ಸೋಮಾರಿಗಳಾದರು’ ಎಂದು ಕೊರಗುವ ಹಿರಿಯರಿದ್ದಾರೆ. ನಾನು ಖುಷಿಪಡುತ್ತೇನೆ. ರೊಟ್ಟಿ ಬಡಿದವಳ ಕೈಗೆ ಲೆಕ್ಕ ಮಾಡಿ ದುಡ್ಡು ಬೀಳುವುದು ರಸ್ತೆಯ ತಿರುವಿನಲ್ಲಾದರೂ ಆಗುತ್ತಿದೆ. ಅವಳು ರಾತ್ರಿ ಹತ್ತಕ್ಕೆ ಮನೆಗೆ ಹೋಗಿ ತನ್ನ ಮಕ್ಕಳಿಗೆ ಮತ್ತೆ ಒಲೆ ಹಚ್ಚುತ್ತಾಳಲ್ಲ, ಅದರ ಲೆಕ್ಕ ಕೇಳಬೇಡಿ.

ಕೇಳಬೇಡಿ ಎಂದು ನಾನಲ್ಲ, ಸರ್ಕಾರವೇ ಹೇಳಿದೆ. 2019–20ರ ಆರ್ಥಿಕ ಸಮೀಕ್ಷೆಯಲ್ಲಿ ಥಾಲಿನಾಮಿಕ್ಸ್ ಎಂಬ ಅಧ್ಯಾಯವೇ ಇತ್ತು. ಕಾರ್ಮಿಕನ ಒಂದು ದಿನದ ಕೂಲಿಗೆ ಎಷ್ಟು ತಟ್ಟೆ ಊಟ ಎಂದು ಅಳೆದು, 2006–07ರಿಂದೀಚೆಗೆ ಸಸ್ಯಾಹಾರಿ ಊಟ ಶೇ 29ರಷ್ಟು, ಮಾಂಸಾಹಾರಿ ಊಟ ಶೇ 18ರಷ್ಟು ಕೈಗೆಟುಕುವಂತಾಗಿದೆ ಎಂದರು. ಐದು ಜನರ ಸಂಸಾರ ದಿನಕ್ಕೆ ಎರಡು ಸಲ ಸಸ್ಯಾಹಾರ ಉಂಡರೆ ವರ್ಷಕ್ಕೆ ಸರಾಸರಿ 10,887 ರೂಪಾಯಿ ಲಾಭವಂತೆ. ಆ ಹಣ ಯಾವ ಡಬ್ಬಿಯಲ್ಲಿದೆ ಎಂದು ನಮ್ಮ ಬೀದಿಯ ಗೃಹಿಣಿಯರು ಸಾಸಿವೆ ಡಬ್ಬಿಯಿಂದ ಹಿಡಿದು ಎಲ್ಲವನ್ನೂ ತಡಕಿ ನೋಡಿದ್ದಾರೆ. ಕ್ರಿಸಿಲ್ ಸಂಸ್ಥೆಯದು ಇನ್ನೂ ನಿಷ್ಠೆಯ ಕೆಲಸ: ಮನೆಯಲ್ಲಿ ಮಾಡಿದ ಒಂದು ತಟ್ಟೆ ಊಟಕ್ಕೆ ತಗುಲುವ ಖರ್ಚನ್ನು ತಿಂಗಳು ತಿಂಗಳು ಪ್ರಕಟಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಸಸ್ಯಾಹಾರಿ ತಟ್ಟೆ 27 ರೂಪಾಯಿ ಚಿಲ್ಲರೆ. ಧಾನ್ಯ, ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಅಡುಗೆ ಅನಿಲ ಎಲ್ಲ ಒಳಗೊಂಡ ಲೆಕ್ಕ. ಗ್ಯಾಸಿಗೆ ಬೆಲೆಯುಂಟು, ಗ್ಯಾಸು ಹಚ್ಚಿದವಳಿಗಿಲ್ಲ. ಈರುಳ್ಳಿ ಎರಡು ರೂಪಾಯಿ ಏರಿದರೆ ಪತ್ರಿಕೆಯ ಮುಖಪುಟದಲ್ಲಿ ಬಾಣದ ಗುರುತು. ಈರುಳ್ಳಿ ಹೆಚ್ಚುವ ಮೊಣಕೈ ನೋವು ಏರಿದರೆ ಮನೆಯವರಿಗೂ ಸುದ್ದಿಯಿಲ್ಲ.

ಸರ್ಕಾರದ ಇನ್ನೊಂದು ಇಲಾಖೆ ಅದೇ ಹೊತ್ತಿಗೆ, ಅಂದರೆ 2019ರಲ್ಲಿ, ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆಂದು ಬಂತು. ಗಂಡಸರ 97 ನಿಮಿಷ ಕೇಳಿ ಬೀಗಬೇಡಿ. ಮನೆಗೆಲಸಕ್ಕೆ ಕೈ ಹಾಕಿದ್ದೇ ನೂರಕ್ಕೆ 26 ಮಂದಿ, ಅವರ ಸರಾಸರಿ ಅದು. ಮಿಕ್ಕ 74 ಮಂದಿ ‘ಏನಾದ್ರೂ ಸಿಂಪಲ್ಲಾಗಿ ಮಾಡು’ ಎನ್ನುವ ಪಕ್ಷದವರು.

ಸಂಬಳವಲ್ಲದಿದ್ದರೂ ಸರ್ಕಾರಗಳು ಈಚೆಗೆ ಏನೋ ಕೊಡುತ್ತಿವೆ. ಬಂಗಾಳದಲ್ಲಿ 2021ರಲ್ಲಿ ಲಕ್ಷ್ಮೀರ್ ಭಂಡಾರ್ ಬಂತು, ಕರ್ನಾಟಕದಲ್ಲಿ 2023ರಲ್ಲಿ ಗೃಹಲಕ್ಷ್ಮಿ. ಎರಡು ಕಡೆಯೂ ಹೆಸರಿಟ್ಟದ್ದು ಲಕ್ಷ್ಮಿಯದು. ಅನ್ನಪೂರ್ಣೆಯ ಹೆಸರಿಟ್ಟಿದ್ದರೆ ಕೆಲಸದ ನೆನಪಾಗುತ್ತಿತ್ತೋ ಏನೋ. ಇದನ್ನು ಕಂಡು ಮೂಗು ಮುರಿಯುವವರ ಜೊತೆ ನನ್ನದು ಹಳೆಯ ಜಗಳ. ‘ಎರಡು ಸಾವಿರ ಬಿಟ್ಟಿ ಕೊಟ್ಟು ಹೆಂಗಸರನ್ನು ಕೆಡಿಸಿದರು’ ಎಂದು ಕಾಫಿ ಹೀರುತ್ತ ಹೇಳುತ್ತಾರೆ. ಆ ಕಾಫಿ ತಂದಿಟ್ಟವಳ ಕಿವಿಗೂ ಅದು ಬೀಳುತ್ತದೆ. ಎರಡು ಸಾವಿರವನ್ನು ಮೂವತ್ತು ದಿನಕ್ಕೆ ಹಂಚಿ, ದಿನದ ಐದು ಗಂಟೆಗೆ ಒಂದು ನಿಮಿಷ ಕಮ್ಮಿ ದುಡಿಮೆಗೆ ಭಾಗಿಸಿದರೆ ಗಂಟೆಗೆ ಹದಿಮೂರು ರೂಪಾಯಿ. ಇದು ಬಿಟ್ಟಿ ಎನ್ನುವ ಮಹನೀಯರು ಹದಿಮೂರು ರೂಪಾಯಿಗೆ ಒಂದು ಗಂಟೆ ತಮ್ಮ ಮನೆಯ ಪಾತ್ರೆ ತಿಕ್ಕಲು ಯಾರು ಬರುತ್ತಾರೆಂದು ಬೀದಿಯಲ್ಲಿ ವಿಚಾರಿಸಿ ಬರಲಿ.

ಇಂದಿರಾ ಕ್ಯಾಂಟೀನು 2017ರಲ್ಲಿ 10 ರೂಪಾಯಿಗೆ ಊಟ ಹಾಕಿತು, ಬಂಗಾಳದ ಮಾ ಕ್ಯಾಂಟೀನು 2021ರಲ್ಲಿ 5 ರೂಪಾಯಿಗೆ ಅನ್ನ, ಬೇಳೆ, ಪಲ್ಯ, ಮೊಟ್ಟೆ ಕೊಟ್ಟಿತು. ಅಲ್ಲಿ ಅಡುಗೆಯವರಿಗೆ ಸಂಬಳವಿದೆ, ಆದ್ದರಿಂದ ಆ ಬೆಲೆಗೆ ಕೊಡಲು ಖಜಾನೆ ಕೈಸೇರಿಸಬೇಕು, ವಿರೋಧಪಕ್ಷ ಪ್ರಶ್ನೆ ಎತ್ತಬೇಕು. ಮನೆಯ ಕ್ಯಾಂಟೀನಿಗೆ ಸಹಾಯಧನ ತುಂಬುವವಳ ಮೇಲೆ ಲೆಕ್ಕಪರಿಶೋಧನೆ ಇಲ್ಲ. ಉಪ್ಪು ಜಾಸ್ತಿಯಾಯಿತು ಎಂಬ ಆಕ್ಷೇಪಣೆ ಮಾತ್ರ.

ಗಂಡಸರು ಅಡುಗೆ ಮಾಡುವುದೇ ಇಲ್ಲವೆಂದರೆ ಅನ್ಯಾಯವಾದೀತು. ಭಾನುವಾರ ಮಾಡುತ್ತೇವೆ. ಬಂಗಾಳದಲ್ಲಿ ಆಲೂಗಡ್ಡೆ ಹಾಕಿದ ಕುರಿಮಾಂಸ, ನಮ್ಮ ಕಡೆ ಬಾಡು, ಬಿರಿಯಾನಿ. ಅದಕ್ಕೆ ವಾರದ ಬಜೆಟ್ಟಿನ ಅರ್ಧ, ಮನೆಯ ಪಾತ್ರೆಗಳಲ್ಲಿ ಮುಕ್ಕಾಲು, ‘ಜೀರಿಗೆ ಎಲ್ಲಿ? ಇಕ್ಕಳ ಎಲ್ಲಿ?’ ಎಂದು ಹತ್ತು ಸಲ ಕೂಗಾಟ, ಕೊನೆಗೆ ಪಟ ತೆಗೆದು ಬಂಧುಬಳಗಕ್ಕೆಲ್ಲ ಹಂಚುವುದು. ಮುನ್ನೂರು ಚಿಲ್ಲರೆ ದಿನದ ಸಾರಿಗೆ ಸಿಗದ ಬಿರುದು ಆ ಒಂದು ಭಾನುವಾರಕ್ಕೆ ಸಿಗುತ್ತದೆ. ನಳಪಾಕ, ಭೀಮಪಾಕ ಎಂದು ನಮ್ಮವರು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ದ್ರೌಪದಿಯ ಕೈಗೆ ಬಂದದ್ದು ಅಕ್ಷಯಪಾತ್ರೆ. ಅದರಲ್ಲೂ ಅವಳು ಉಂಡು ಮುಗಿಸಿದರೆ ಆ ದಿನಕ್ಕೆ ಮುಗಿಯಿತು ಎಂಬ ಷರತ್ತು. ಅವಳು ಕಡೆಗೇ ಉಣ್ಣಬೇಕಾದ ಏರ್ಪಾಡನ್ನು ಸೂರ್ಯದೇವರೇ ಮಾಡಿಕೊಟ್ಟ ಮೇಲೆ ನಾವೇನು ಹೆಚ್ಚಿಗೆ ಹೇಳುವುದು.

ಇಷ್ಟೆಲ್ಲ ಬಯ್ದ ಮೇಲೆ ಓದುಗರಿಗೆ ಒಂದು ಅಡುಗೆಯನ್ನಾದರೂ ಹೇಳದೆ ಬಿಡುವುದು ಸರಿಯಲ್ಲ. ಬಂಗಾಳಿಗಳಲ್ಲಿ ಭಾತೇ ಭಾತ್ ಎಂದಿದೆ, ಖರ್ಚಿನಲ್ಲೂ ಕೆಲಸದಲ್ಲೂ ನಿಜವಾಗಿಯೇ ಹಗುರ. ನಾಲ್ಕು ಜನಕ್ಕೆ ಸಾಕಾಗುವಷ್ಟು ಅಕ್ಕಿ ತೊಳೆದು ನೀರು ಹೆಚ್ಚಿಗೆ ಇಟ್ಟು ಒಲೆಗೆ ಏರಿಸಿ. ಅದರೊಳಕ್ಕೇ ಆಲೂಗಡ್ಡೆ ಇಡಿಯಾಗಿ, ಸಿಹಿಗುಂಬಳದ ಹೋಳು, ತೆಳುಬಟ್ಟೆಯಲ್ಲಿ ಗಂಟು ಕಟ್ಟಿದ ಒಂದು ಹಿಡಿ ಮಸೂರ ಬೇಳೆ. ತಿನ್ನುವವರಿದ್ದರೆ ತೊಳೆದ ಮೊಟ್ಟೆ. ಎಲ್ಲ ಒಂದೇ ಪಾತ್ರೆಯಲ್ಲಿ ಬೇಯಲಿ. ಆಲೂಗಡ್ಡೆ ಸುಲಿದು, ಬೇಳೆ ಬಿಚ್ಚಿ, ಹಸಿಮೆಣಸಿನಕಾಯಿ, ಉಪ್ಪು, ಹಸಿ ಸಾಸಿವೆ ಎಣ್ಣೆ ಹಾಕಿ ಕಿವುಚಿ. ಸಾಸಿವೆ ಎಣ್ಣೆ ಮೂಗಿಗೆ ಹತ್ತುತ್ತದೆ ಎನ್ನುವವರಿಗೆ ತುಪ್ಪ. ಜ್ಯೋತಿ ಸಾಕು, ಚಂದ್ರಮುಖಿ ಬೇಡ. ಮಾಡಬೇಕಾದವರು ಸಮೀಕ್ಷೆಯ ಆ 74 ಮಂದಿ. ಇಕ್ಕಳ ಒಲೆಯ ಬಲಗಡೆಯ ಮೊಳೆಗೆ ನೇತುಹಾಕಿರುತ್ತದೆ, ಯಾರನ್ನೂ ಕೂಗಿ ಕೇಳುವ ಅಗತ್ಯವಿಲ್ಲ. ಮನೆಯಾಕೆಯನ್ನು ಮೊದಲು ಕೂರಿಸಿ, ಬಿಸಿ ಇರುವಾಗಲೇ ಬಡಿಸಿ, ಎಷ್ಟು ಬೇಕೆಂದು ಕೇಳಿ. ಒಂದು ತುತ್ತು ತಿಂದು ಆಕೆ ‘ಪರವಾಗಿಲ್ಲ, ಆದರೆ ರೋಗಿಯ ಪಥ್ಯದ ಹಾಗಿದೆ’ ಎಂದರೆ ಮುಖ ಉಬ್ಬಿಸಬೇಡಿ. ಒಳಗೆ ಹೋಗಿ ನಾಳೆಗೆ ಕಡಲೆಬೇಳೆ ನೆನೆಹಾಕಿ.